ಗಣಿಯಿಂದ ಹಾರ್ವರ್ಡ್‌ಗೆ: ಕಪ್ಪು ಜನರ ಇತಿಹಾಸ ಉಳಿಸಿದ ಕಾರ್ಟರ್ ವುಡ್ಸನ್

ಇಪ್ಪತ್ತು ವರ್ಷ ಅಂದರೆ ನಮ್ಮಲ್ಲಿ ಬಿ.ಇ. ಮೂರನೇ ವರ್ಷದ ವಯಸ್ಸು. ಒಂದು ವರ್ಷ ಹಿಂದೆ ಬಿದ್ದರೂ ಮನೆಯಲ್ಲಿ ಚಿಂತೆ, ನೆಂಟರಲ್ಲಿ ಗುಸುಗುಸು. ಇನ್ನು ಓದಿ ಏನು ಪ್ರಯೋಜನ ಎಂದು ಇಪ್ಪತ್ತೆರಡಕ್ಕೇ ಕೈಚೆಲ್ಲಿ ಕೂತವರೂ ನಮ್ಮ ನಡುವೆ ಇದ್ದಾರೆ. ಆದರೆ 1895ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್ ಎಂಬ ಊರಿನಲ್ಲಿ, ಇಪ್ಪತ್ತರ ಹೊಸ್ತಿಲಲ್ಲಿದ್ದ ಗಣಿ ಕಾರ್ಮಿಕನೊಬ್ಬ ಆಗಷ್ಟೇ ಹೈಸ್ಕೂಲಿಗೆ ಸೇರಿದ. ಹದಿನೇಳು ವರ್ಷಗಳ ನಂತರ ಅದೇ ವ್ಯಕ್ತಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರು. ಅವರೇ ಕಾರ್ಟರ್ ಗಾಡ್ವಿನ್ ವುಡ್ಸನ್. ಪ್ರತಿ ಫೆಬ್ರುವರಿಯಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಆಚರಿಸುವ 'ಬ್ಲ್ಯಾಕ್ ಹಿಸ್ಟರಿ ಮಂತ್', ಅಂದರೆ ಕಪ್ಪು ಜನರ ಇತಿಹಾಸ ಮಾಸದ ಬೇರು ಇರುವುದು ಇವರ ಬದುಕಿನಲ್ಲಿ.

ಅಮೆರಿಕದಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿ ಕೊನೆಗೊಂಡದ್ದು 1865ರಲ್ಲಿ. ಅದಾಗಿ ಹತ್ತು ವರ್ಷಕ್ಕೆ, 1875ರ ಡಿಸೆಂಬರ್ 19ರಂದು, ವರ್ಜೀನಿಯಾ ರಾಜ್ಯದ ನ್ಯೂ ಕ್ಯಾಂಟನ್‌ನಲ್ಲಿ ವುಡ್ಸನ್ ಹುಟ್ಟಿದರು. ತಂದೆ ಜೇಮ್ಸ್, ತಾಯಿ ಆನ್ ಎಲಿಜಾ. ಇಬ್ಬರೂ ಗುಲಾಮರಾಗಿ ಹುಟ್ಟಿ ಬೆಳೆದವರು. ತಂದೆಗೆ ಓದು ಬರಹ ಬರುತ್ತಿರಲಿಲ್ಲ. ಮನೆ ತುಂಬ ಮಕ್ಕಳು, ಬಡ ಬೇಸಾಯ. ಊರಲ್ಲಿ ಕಪ್ಪು ಮಕ್ಕಳಿಗೆ ಶಾಲೆ ಇತ್ತಾದರೂ ಅದು ತೆರೆಯುತ್ತಿದ್ದುದು ವರ್ಷದಲ್ಲಿ ಕೆಲವೇ ತಿಂಗಳು. ಹೊಲದ ಕೆಲಸ ಇದ್ದಾಗ ಅಲ್ಲಿಗೂ ಹೋಗುವಂತಿರಲಿಲ್ಲ. ಸೋದರಮಾವಂದಿರೇ ಆ ಶಾಲೆಯ ಮೇಷ್ಟ್ರು. ಅವರಿಂದ ಕಲಿತ ಅಕ್ಷರದ ಜೊತೆಗೆ ಹುಡುಗ ತಾನೇ ಓದಿಕೊಂಡದ್ದೇ ಹೆಚ್ಚು. ತಂದೆಗೆ ಪತ್ರಿಕೆ ಓದಿ ಹೇಳುವ ಕೆಲಸವೂ ಅವನದಾಗಿತ್ತು.

1892ರಲ್ಲಿ ಹೊಟ್ಟೆಪಾಡಿಗಾಗಿ ಕಾರ್ಟರ್ ಅಣ್ಣನ ಜೊತೆ ವೆಸ್ಟ್ ವರ್ಜೀನಿಯಾಕ್ಕೆ ಹೋಗಿ ಫಯೆಟ್ ಕೌಂಟಿಯ ಕಲ್ಲಿದ್ದಲು ಗಣಿಗೆ ಇಳಿದ. ಅವನ ಬದುಕಿಗೆ ದಿಕ್ಕು ತೋರಿದ್ದು ಅಲ್ಲಿನ ಒಂದು ಮನೆ. ಆಲಿವರ್ ಜೋನ್ಸ್ ಎಂಬ ಗಣಿ ಕಾರ್ಮಿಕನ ಮನೆ ಅದು. ಜೋನ್ಸ್ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ್ದ ಮಾಜಿ ಸೈನಿಕ. ಸಂಜೆ ಕಾರ್ಮಿಕರು ಅವನ ಮನೆಯಲ್ಲಿ ಸೇರಿ ತಿಂಡಿ ತಿಂದು ಹರಟುತ್ತಿದ್ದರು. ಜೋನ್ಸ್‌ಗೆ ಓದಲು ಬರುತ್ತಿರಲಿಲ್ಲ. ಆದರೂ ಕಪ್ಪು ಜನರ ಬಗೆಗಿನ ಪುಸ್ತಕ, ಪತ್ರಿಕೆಗಳನ್ನು ದುಡ್ಡು ಕೊಟ್ಟು ತರಿಸುತ್ತಿದ್ದ. ಅವನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳುವುದು ಕಾರ್ಟರ್‌ನ ಪಾಲಿಗೆ ಬಂತು. ಅದಕ್ಕೆ ಸಂಬಳ ಇರಲಿಲ್ಲ, ಹಣ್ಣು ಮತ್ತು ಐಸ್‌ಕ್ರೀಂ ಪುಕ್ಕಟೆ. ಓದು ಮುಗಿದ ಮೇಲೆ ಮುದುಕರು ತಾವು ಕಂಡ ಯುದ್ಧ, ತಾವು ಉಂಡ ಗುಲಾಮಗಿರಿಯ ಕಷ್ಟ, ಬಿಡುಗಡೆಯ ದಿನಗಳ ಕಥೆ ಹೇಳುತ್ತಿದ್ದರು. ಒಂದು ಜನಾಂಗದ ಇತಿಹಾಸ ಅಕ್ಷರ ಬಾರದವರ ಬಾಯಲ್ಲೂ ಇರುತ್ತದೆ, ಬರೆದಿಡದಿದ್ದರೆ ಅವರೊಂದಿಗೇ ಮಣ್ಣಾಗುತ್ತದೆ ಎಂಬುದು ಅವನಿಗೆ ಅಲ್ಲಿ ಮನದಟ್ಟಾಯಿತು.

ಗಣಿಯಲ್ಲಿ ದುಡಿದು ಕೂಡಿಟ್ಟ ಹಣದೊಂದಿಗೆ ಅವನು ಹಂಟಿಂಗ್ಟನ್‌ನ ಡಗ್ಲಸ್ ಹೈಸ್ಕೂಲಿಗೆ ಸೇರಿದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಅದರ ವಿರುದ್ಧ ಜೀವನವಿಡೀ ಹೋರಾಡಿದ ಫ್ರೆಡರಿಕ್ ಡಗ್ಲಸ್ ಹೆಸರಿನ ಶಾಲೆ ಅದು. ಡಗ್ಲಸ್ ತೀರಿಕೊಂಡದ್ದೂ ಅದೇ 1895ರಲ್ಲಿ. ನಾಲ್ಕು ವರ್ಷದ ಹೈಸ್ಕೂಲು ಓದನ್ನು ವುಡ್ಸನ್ ಎರಡು ವರ್ಷದೊಳಗೆ ಮುಗಿಸಿದರು. ಸ್ವಲ್ಪ ಕಾಲ ಗಣಿ ಪ್ರದೇಶದ ಮಕ್ಕಳಿಗೆ ಪಾಠ ಹೇಳಿದರು. 1900ರಲ್ಲಿ ಅದೇ ಡಗ್ಲಸ್ ಹೈಸ್ಕೂಲಿಗೆ ಪ್ರಾಂಶುಪಾಲರಾಗಿ ಬಂದರು. ವಿದ್ಯಾರ್ಥಿಯಾಗಿ ಒಳಗೆ ಕಾಲಿಟ್ಟು ಐದೇ ವರ್ಷವಾಗಿತ್ತು.

ದುಡಿಯುತ್ತಲೇ ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನಲ್ಲಿ ಓದಿ 1903ರಲ್ಲಿ ಪದವಿ ಪಡೆದರು. ಕಪ್ಪು, ಬಿಳಿ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕೂತು ಓದುತ್ತಿದ್ದ ಅಪರೂಪದ ಕಾಲೇಜು ಅದು. ಮರುವರ್ಷವೇ, 1904ರಲ್ಲಿ, ಕೆಂಟಕಿ ಸರ್ಕಾರ ಕಾನೂನು ತಂದು ಅದನ್ನು ನಿಷೇಧಿಸಿತು. ಕಾಲೇಜು ಕೋರ್ಟಿಗೆ ಹೋಯಿತು. 1908ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಾನೂನಿನ ಪರವಾಗಿಯೇ ತೀರ್ಪು ಕೊಟ್ಟಿತು. ವುಡ್ಸನ್ ಒಂದು ವರ್ಷ ತಡವಾಗಿ ಕೊನೆಯ ಪರೀಕ್ಷೆಗೆ ಕೂತಿದ್ದರೆ ಆ ಕಾಲೇಜಿನ ಬಾಗಿಲು ಅವರಿಗೆ ಮುಚ್ಚಿರುತ್ತಿತ್ತು.

ಮುಂದಿನ ನಾಲ್ಕು ವರ್ಷ ಅವರು ಇದ್ದದ್ದು ಆಗ ಅಮೆರಿಕದ ಆಡಳಿತದಲ್ಲಿದ್ದ ಫಿಲಿಪೀನ್ಸ್‌ನಲ್ಲಿ, ಶಾಲೆಗಳ ಮೇಲ್ವಿಚಾರಕರಾಗಿ. ಅಲ್ಲಿನ ಒಂದು ಅನುಭವವನ್ನು ಮುಂದೆ ಅವರು ಬರೆದಿದ್ದಾರೆ. ಅಮೆರಿಕದಿಂದ ಬಂದ ಪಠ್ಯಪುಸ್ತಕಗಳಲ್ಲಿ ಮಕ್ಕಳು ಕಂಡೇ ಇರದ ಸೇಬಿನ ಮರದ ಹಾಡು ಇತ್ತು. ಹಾಡನ್ನು ಊರಿನ ಲೊಂಬಾಯ್ ಮರಕ್ಕೆ ಬದಲಾಯಿಸಿದ ಮೇಷ್ಟ್ರ ತರಗತಿಯಲ್ಲಿ ಮಕ್ಕಳು ಕಣ್ಣರಳಿಸಿ ಕಲಿತರು. ಲೊಂಬಾಯ್ ಅಂದರೆ ಬೇರೇನೂ ಅಲ್ಲ, ನಮ್ಮ ನೇರಳೆ ಮರ. ಮಕ್ಕಳಿಗೆ ತಮ್ಮ ಸುತ್ತಲಿನದನ್ನು ಹಿಡಿದೇ ಪಾಠ ಹೇಳಬೇಕು ಎಂಬ ಈ ಸರಳ ಮಾತು ಅವರ ಮುಂದಿನ ಎಲ್ಲ ಕೆಲಸಕ್ಕೂ ಅಡಿಪಾಯವಾಯಿತು.

ಶಿಕಾಗೊ ವಿಶ್ವವಿದ್ಯಾಲಯದಿಂದ 1908ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಅವರು ಹಾರ್ವರ್ಡ್ ಸೇರಿದರು. ಹಣ ಸಾಲದಾಗಿ ವಾಷಿಂಗ್ಟನ್‌ನಲ್ಲಿ ಹೈಸ್ಕೂಲು ಶಿಕ್ಷಕರಾದರು. ಶಾಲೆಯ ಕೆಲಸದ ನಡುವೆಯೇ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕೂತು ಪ್ರಬಂಧ ಬರೆದರು. 1912ರಲ್ಲಿ, 36ನೇ ವಯಸ್ಸಿನಲ್ಲಿ ಡಾಕ್ಟರೇಟ್ ಬಂತು. ಹಾರ್ವರ್ಡ್‌ನಿಂದ ಈ ಪದವಿ ಪಡೆದ ಎರಡನೇ ಕಪ್ಪು ವ್ಯಕ್ತಿ ಅವರು. ಮೊದಲಿಗರು 1895ರಲ್ಲಿ ಪಡೆದ ಡಬ್ಲ್ಯೂ. ಇ. ಬಿ. ಡು ಬೋಯಿಸ್. ಆದರೆ ಗುಲಾಮರಾಗಿದ್ದ ತಂದೆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಇತಿಹಾಸದಲ್ಲಿ ಪಿಎಚ್.ಡಿ. ಪಡೆದವರು ವುಡ್ಸನ್ ಒಬ್ಬರೇ.

ಇಷ್ಟು ಓದಿದವರಿಗೆ ಎಲ್ಲಾದರೂ ಒಳ್ಳೆಯ ಕೆಲಸ ಸಿಕ್ಕಿ, ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ವುಡ್ಸನ್‌ಗೆ ಒಂದು ಪ್ರಶ್ನೆ ಬಿಡಲಿಲ್ಲ. ಆ ಕಾಲದ ಇತಿಹಾಸದ ಪುಸ್ತಕಗಳಲ್ಲಿ ಕಪ್ಪು ಜನ ಬಂದರೆ ಗುಲಾಮರಾಗಿ ಬರುತ್ತಿದ್ದರು, ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ದೊಡ್ಡ ವಿದ್ವಾಂಸರೇ ಈ ಜನಕ್ಕೆ ಇತಿಹಾಸವೇ ಇಲ್ಲ ಎಂದು ನಂಬಿದ್ದರು. 1915ರಲ್ಲಿ ತೆರೆಕಂಡ 'ದಿ ಬರ್ತ್ ಆಫ್ ಎ ನೇಷನ್' ಸಿನಿಮಾ ಕಪ್ಪು ಜನರನ್ನು ಕ್ರೂರಿಗಳಂತೆಯೂ, ಅವರನ್ನು ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪನ್ನು ವೀರರಂತೆಯೂ ತೋರಿಸಿತು. ಆ ಸಿನಿಮಾ ಅಧ್ಯಕ್ಷರ ಶ್ವೇತಭವನದಲ್ಲೂ ಪ್ರದರ್ಶನವಾಯಿತು. ಒಂದು ಜನಾಂಗಕ್ಕೆ ಹಿಂದಿನದೇನೂ ಇಲ್ಲ ಎಂದು ಎಲ್ಲರೂ ಒಪ್ಪಿಬಿಟ್ಟರೆ, ಅದಕ್ಕೆ ಮುಂದಿನ ಹಕ್ಕುಗಳನ್ನು ನಿರಾಕರಿಸುವುದು ಸುಲಭ. ಇತಿಹಾಸದ ಪುಸ್ತಕಕ್ಕೂ ಸಾಮಾಜಿಕ ನ್ಯಾಯಕ್ಕೂ ಇರುವ ನಂಟು ಇದು.

ಅದೇ 1915ರ ಸೆಪ್ಟೆಂಬರ್‌ನಲ್ಲಿ ಶಿಕಾಗೊದಲ್ಲಿ ಕೆಲವೇ ಜನರೊಂದಿಗೆ ಸೇರಿ ವುಡ್ಸನ್ ಒಂದು ಸಂಘ ಕಟ್ಟಿದರು. ಆಗ ಬಳಕೆಯಲ್ಲಿದ್ದ ಪದದಲ್ಲಿ ಹೇಳುವುದಾದರೆ, ನೀಗ್ರೋ ಬದುಕು ಮತ್ತು ಇತಿಹಾಸದ ಅಧ್ಯಯನ ಸಂಘ. 1916ರ ಜನವರಿಯಲ್ಲಿ 'ದಿ ಜರ್ನಲ್ ಆಫ್ ನೀಗ್ರೋ ಹಿಸ್ಟರಿ' ಎಂಬ ತ್ರೈಮಾಸಿಕ ಹೊರಬಂತು. ಮೊದಲ ಸಂಚಿಕೆಯ ಮುದ್ರಣಕ್ಕೆ ಅವರು ತಮ್ಮ ಜೀವವಿಮೆ ಪಾಲಿಸಿಯ ಮೇಲೆ 400 ಡಾಲರ್ ಸಾಲ ತೆಗೆದರು.

ಎಂಜಿನಿಯರಿಂಗ್ ಓದುತ್ತಿರುವ ನನಗೆ ವುಡ್ಸನ್‌ರಲ್ಲಿ ತುಂಬ ಹಿಡಿಸಿದ್ದು ಡೇಟಾ ಬಗ್ಗೆ ಅವರಿಗಿದ್ದ ನಿಷ್ಠೆ. ಅವರು ಘೋಷಣೆ ಕೂಗಲಿಲ್ಲ, ದಾಖಲೆ ಹುಡುಕಿದರು. ಜನಗಣತಿಯ ಹಾಳೆಗಳು, ಉಯಿಲುಗಳು, ಪತ್ರಗಳು, ಚರ್ಚಿನ ಕಡತಗಳು, ಹೀಗೆ ಯಾರೂ ತಿರುಗಿ ನೋಡದ್ದನ್ನೆಲ್ಲ ಒಟ್ಟುಮಾಡಿದರು. 1830ರ ಜನಗಣತಿಯನ್ನು ಸೋಸಿ, ಸ್ವತಂತ್ರರಾಗಿದ್ದ ಕೆಲವು ಕಪ್ಪು ಜನ ಸ್ವತಃ ಗುಲಾಮರನ್ನು ಹೊಂದಿದ್ದರು ಎಂಬ ಪಟ್ಟಿಯನ್ನು 1924ರಲ್ಲಿ ಅವರೇ ಪ್ರಕಟಿಸಿದರು. ತಮ್ಮವರಿಗೆ ಮುಜುಗರವಾಗುತ್ತದೆ ಎಂದು ಮುಚ್ಚಿಡಲಿಲ್ಲ. ಜೊತೆಗೆ, ಇಂಥವರಲ್ಲಿ ಬಹಳಷ್ಟು ಮಂದಿ ತಮ್ಮದೇ ಹೆಂಡತಿ ಮಕ್ಕಳನ್ನು ಕಾಪಾಡಲು ದುಡ್ಡು ಕೊಟ್ಟು ಕೊಂಡವರು ಎಂಬುದನ್ನೂ ವಿವರಿಸಿದರು. ಪ್ರತಿಕೂಲವಾದ ರೀಡಿಂಗ್ ಬಂದರೆ ಅದನ್ನು ಅಳಿಸದೆ, ಯಾಕೆ ಬಂತು ಎಂದು ನೋಡಬೇಕೆಂದು ಲ್ಯಾಬ್‌ನಲ್ಲಿ ನಮಗೆ ಹೇಳುತ್ತಾರಲ್ಲ, ಇದೂ ಹಾಗೆಯೇ.

1919ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಡೀನ್ ಆದರು. ಅಧ್ಯಕ್ಷರೊಂದಿಗೆ ಹೊಂದಾಣಿಕೆಯಾಗದೆ ಮರುವರ್ಷವೇ ಹೊರಬಂದರು. ವೆಸ್ಟ್ ವರ್ಜೀನಿಯಾದಲ್ಲಿ ಮತ್ತೆರಡು ವರ್ಷ ಡೀನ್ ಹುದ್ದೆ. 1922ರಿಂದ ಸಂಬಳದ ಹುದ್ದೆ ಬಿಟ್ಟು ವಾಷಿಂಗ್ಟನ್ನಿನ ನೈನ್ತ್ ಸ್ಟ್ರೀಟ್‌ನ ಒಂದು ಮನೆಯಲ್ಲಿ ನೆಲೆ ನಿಂತರು. ಅದೇ ಮನೆ, ಅದೇ ಆಫೀಸು, ಅದೇ ಪ್ರಕಾಶನ ಸಂಸ್ಥೆ, ಅದೇ ಗೋದಾಮು. ಮದುವೆ ಆಗಲಿಲ್ಲ. ದೊಡ್ಡ ಪ್ರತಿಷ್ಠಾನಗಳು ಹಣ ಕೊಡುವುದನ್ನು ನಿಲ್ಲಿಸಿದಾಗ, ಸ್ವಾತಂತ್ರ್ಯ ಬಿಟ್ಟುಕೊಟ್ಟು ಯಾವುದೋ ವಿಶ್ವವಿದ್ಯಾಲಯದ ಅಡಿಗೆ ಸೇರಲು ಅವರು ಒಪ್ಪಲಿಲ್ಲ. ಕಪ್ಪು ಶಾಲೆಗಳ ಶಿಕ್ಷಕರು, ಸಾಮಾನ್ಯ ಜನ ಕಳಿಸುತ್ತಿದ್ದ ಸಣ್ಣಪುಟ್ಟ ದೇಣಿಗೆಯಲ್ಲೇ ಸಂಘ ನಡೆಯಿತು. ಅವರ ಜೊತೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ. ಮುಂದೆ ಪ್ರಸಿದ್ಧ ಕವಿಯಾದ ಲ್ಯಾಂಗ್‌ಸ್ಟನ್ ಹ್ಯೂಸ್ 1925ರಲ್ಲಿ ಅವರ ಕಚೇರಿಯಲ್ಲಿ ಸಹಾಯಕರಾಗಿದ್ದರು. ಸಾವಿರಾರು ಹೆಸರುಗಳ ಪಟ್ಟಿ ಜೋಡಿಸಿ ಕಣ್ಣು ನೋವು ಬಂದು, ಹೋಟೆಲಿನಲ್ಲಿ ತಟ್ಟೆ ಎತ್ತುವ ಕೆಲಸವೇ ಮೇಲೆಂದು ಬಿಟ್ಟು ಹೋದರು!

1926ರ ಫೆಬ್ರುವರಿಯಲ್ಲಿ ವುಡ್ಸನ್ 'ನೀಗ್ರೋ ಹಿಸ್ಟರಿ ವೀಕ್' ಆರಂಭಿಸಿದರು. ಫೆಬ್ರುವರಿ ಎರಡನೇ ವಾರವನ್ನು ಆರಿಸಿದ್ದಕ್ಕೆ ಕಾರಣವಿತ್ತು. 12 ಅಬ್ರಹಾಂ ಲಿಂಕನ್ ಹುಟ್ಟಿದ ದಿನ, 14 ಫ್ರೆಡರಿಕ್ ಡಗ್ಲಸ್ ಜನ್ಮದಿನ. ಕಪ್ಪು ಜನ ಮೊದಲಿನಿಂದಲೂ ಈ ದಿನಗಳನ್ನು ಆಚರಿಸುತ್ತಿದ್ದರು. ಜನ ಆಗಲೇ ಸೇರುತ್ತಿದ್ದ ಕಡೆ ಅವರು ಪುಸ್ತಕವನ್ನು ತಂದಿಟ್ಟರು. ಶಾಲೆಗಳಿಗೆ ಚಿತ್ರಗಳು, ಪಾಠದ ಸಾಮಗ್ರಿ, ನಾಟಕಗಳನ್ನು ಕಳಿಸಿದರು. ಆದರೆ ಏಳು ದಿನದಲ್ಲಿ ಇತಿಹಾಸ ಕಲಿಸಿ ಮುಗಿಸುವುದು ಅವರ ಉದ್ದೇಶವಾಗಿರಲಿಲ್ಲ. ವರ್ಷವಿಡೀ ಮಕ್ಕಳು ಓದಿದ್ದನ್ನು ಈ ವಾರ ಊರಿನ ಮುಂದೆ ತೋರಿಸಬೇಕು ಎಂಬುದು ಅವರ ಲೆಕ್ಕ. ಓದದೆ ಬಂದು ಭಾಷಣ ಬಿಗಿದು ಹೋಗುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಪ್ಪು ಜನರ ಕಥೆ ದೇಶದ ಕಥೆಯೊಳಗೆ ಸೇರಿ, ಇಂಥ ಪ್ರತ್ಯೇಕ ವಾರವೇ ಬೇಡವಾಗುವ ದಿನ ಬರಲಿ ಎಂಬುದು ಅವರ ಆಸೆ.

1933ರಲ್ಲಿ ಬಂದ ಅವರ 'ದಿ ಮಿಸ್-ಎಜುಕೇಶನ್ ಆಫ್ ದಿ ನೀಗ್ರೋ' ಪುಸ್ತಕದ ವಾದ ಡಿಗ್ರಿ ಹಿಡಿದು ಕೆಲಸ ಹುಡುಕುವ ಎಲ್ಲರನ್ನೂ ತಟ್ಟುತ್ತದೆ. ತನ್ನ ಜನರನ್ನೇ ಕೀಳಾಗಿ ಕಾಣುವಂತೆ ಮಾಡುವ ಶಿಕ್ಷಣ ಶಿಕ್ಷಣವಲ್ಲ. ಓದಿದವನು ತಾನು ಬಂದ ಕೇರಿಯಿಂದ ದೂರವಾಗುತ್ತಾ ಹೋದರೆ, ಅವನ ಓದಿನಿಂದ ಕೇರಿಗೆ ಸಿಗುವುದೇನು? ಸ್ವತಃ ಹಾರ್ವರ್ಡ್‌ನಲ್ಲಿ ಓದಿದವರು ಕೇಳಿದ ಪ್ರಶ್ನೆ ಇದು.

1950ರ ಏಪ್ರಿಲ್ 3ರಂದು ನೈನ್ತ್ ಸ್ಟ್ರೀಟ್‌ನ ಅದೇ ಮನೆಯಲ್ಲಿ ಹೃದಯಾಘಾತದಿಂದ ವುಡ್ಸನ್ ತೀರಿಕೊಂಡರು. 74 ವರ್ಷವಾಗಿತ್ತು. ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂಬ 1954ರ ಸುಪ್ರೀಂ ಕೋರ್ಟ್ ತೀರ್ಪನ್ನಾಗಲಿ, 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನಾಗಲಿ ಅವರು ನೋಡಲಿಲ್ಲ.

ಅವರ ಕೆಲಸವನ್ನು ಮುಂದೆ ಎತ್ತಿಕೊಂಡವರಲ್ಲಿ ವಿದ್ಯಾರ್ಥಿಗಳೂ ಇದ್ದರು. 1960ರ ದಶಕದ ಕೊನೆಗೆ ಕಪ್ಪು ವಿದ್ಯಾರ್ಥಿಗಳು ಹೆಚ್ಚು ಸಂಖ್ಯೆಯಲ್ಲಿ ವಿಶ್ವವಿದ್ಯಾಲಯಗಳಿಗೆ ಬಂದರು. ಬಂದು ನೋಡಿದರೆ ಪಠ್ಯದಲ್ಲಿ ತಾವೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ 1968ರ ನವೆಂಬರ್‌ನಿಂದ 1969ರ ಮಾರ್ಚ್‌ವರೆಗೆ ಮುಷ್ಕರ ನಡೆದು, ತಮ್ಮ ಇತಿಹಾಸ ಓದುವ ವಿಭಾಗವನ್ನು ವಿದ್ಯಾರ್ಥಿಗಳು ಪಡೆದುಕೊಂಡರು. ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ 'ಬ್ಲ್ಯಾಕ್ ಯುನೈಟೆಡ್ ಸ್ಟೂಡೆಂಟ್ಸ್' ಸಂಘಟನೆ ಮತ್ತು ಅಲ್ಲಿನ ಕಪ್ಪು ಅಧ್ಯಾಪಕರು 1969ರ ಫೆಬ್ರುವರಿಯಲ್ಲಿ, ವುಡ್ಸನ್‌ರ ವಾರವನ್ನು ತಿಂಗಳಿಗೆ ವಿಸ್ತರಿಸೋಣ ಎಂದರು. ಮರುವರ್ಷ, 1970ರ ಜನವರಿ 2ರಿಂದ ಫೆಬ್ರುವರಿ 28ರವರೆಗೆ, ಆ ಕ್ಯಾಂಪಸ್‌ನಲ್ಲಿ ಮೊದಲ ಆಚರಣೆ ನಡೆಯಿತು. ಆರು ವರ್ಷಗಳ ನಂತರ, 1976ರಲ್ಲಿ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಈ ಮಾಸಕ್ಕೆ ಮಾನ್ಯತೆ ಕೊಟ್ಟರು. ದೇಶಕ್ಕಿಂತ ಮೊದಲು ಒಂದು ಕ್ಯಾಂಪಸ್ ಹೆಜ್ಜೆ ಇಟ್ಟಿತ್ತು.

ಹಾಗೆಂದು ವಿಷಯ ಮುಗಿದಿಲ್ಲ. 2023ರ ಜನವರಿಯಲ್ಲೂ ಫ್ಲಾರಿಡಾ ರಾಜ್ಯ ಕಪ್ಪು ಜನರ ಇತಿಹಾಸದ ಹೊಸ ಹೈಸ್ಕೂಲು ಕೋರ್ಸೊಂದನ್ನು ತಿರಸ್ಕರಿಸಿತು. ಯಾರ ಕಥೆ ಪಾಠವಾಗಬೇಕು, ಯಾರದು ಆಗಬಾರದು ಎಂಬ ಜಗಳ ಇನ್ನೂ ನಡೆದೇ ಇದೆ.

ನಮ್ಮ ಕಾಲೇಜುಗಳಲ್ಲೂ ಜಯಂತಿಗಳು ಬರುತ್ತವೆ. ಫೋಟೊ, ಹೂವಿನ ಹಾರ, ಎರಡು ಭಾಷಣ, ಕೊನೆಗೆ ಸಿಹಿ. ಅದು ತಪ್ಪಲ್ಲ. ವುಡ್ಸನ್ ಕೂಡ ಹಬ್ಬವನ್ನು ಬೇಡ ಎನ್ನಲಿಲ್ಲ. ಉಳಿದ 51 ವಾರ ಏನು ಓದಿದಿರಿ ಎಂದಷ್ಟೇ ಕೇಳಿದರು. ಮುಂದಿನ ಜಯಂತಿಗೆ ಹಾರ ಹಾಕುವ ಮೊದಲು ಆ ವ್ಯಕ್ತಿ ಬರೆದ ಒಂದು ಪುಸ್ತಕವನ್ನಾದರೂ ಓದಿ, ಅದರ ಬಗ್ಗೆ ಹತ್ತು ನಿಮಿಷ ಮಾತಾಡುವ ಒಬ್ಬ ವಿದ್ಯಾರ್ಥಿ ಪ್ರತಿ ತರಗತಿಯಲ್ಲಿ ಸಿಕ್ಕರೆ ಸಾಕು. ಓದಲು ಬಾರದ ಆಲಿವರ್ ಜೋನ್ಸ್ ಪುಸ್ತಕ ತರಿಸುತ್ತಿದ್ದ. ನಮಗಂತೂ ಓದಲು ಬರುತ್ತದೆ.