ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು

ಅಮೃತೂರಿನ ನಮ್ಮ ಶಾಲೆಯಿಂದ ದಾದಿಯರ ತರಬೇತಿಗೆ ಹೋಗುವ ಬಾಲಿಕೆಯರು ದೀಪಧಾರಿಣಿಯ ಚಿತ್ರವನ್ನು ಬಲ್ಲರು. ಆ ದೀಪದ ಹಿಂದಿದ್ದ ಕಲಿಕೆಯನ್ನೂ ಅವರು ಅರಿಯಬೇಕೆಂದು ಬಯಸುತ್ತೇವೆ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದ ಈಕೆಯು ಸಿರಿವಂತರ ಮಗಳು. ಮನೆಯವರು ತಡೆದರೂ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ಸುಮಾರು ಮೂರು ತಿಂಗಳು ಶುಶ್ರೂಷೆಯನ್ನು ಅಭ್ಯಾಸಮಾಡಿದರು. ಕ್ರಿಮಿಯಾ ಯುದ್ಧವು ನಡೆಯುತ್ತಿರಲು, 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ಸ್ಕುಟಾರಿಯ ಸೈನಿಕರ ಆಸ್ಪತ್ರೆಗೆ ಬಂದರು. ಹಗಲಿರುಳು ದುಡಿದರೂ ಸಾವು ತಗ್ಗಲಿಲ್ಲ. 1855ರ ಫೆಬ್ರವರಿಯಲ್ಲಿ ಅದು ನೂರಕ್ಕೆ 42ನ್ನು ಮೀರಿತ್ತು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿಗಳನ್ನು ಶುದ್ಧಮಾಡಿಸಿ ಗಾಳಿಗೆ ದಾರಿಮಾಡಿಸಿದರು. ಜೂನಿನ ಹೊತ್ತಿಗೆ ಅದು ನೂರಕ್ಕೆ 2ರ ಸುಮಾರಿಗೆ ಇಳಿಯಿತು.

ಆಹಾರದ ಕೊರತೆ, ಬಳಲಿಕೆಗಳೇ ಸಾವಿಗೆ ಮುಖ್ಯ ಕಾರಣವೆಂದು ಆಕೆಯು ಮೊದಲು ನಂಬಿದ್ದರು. ಸ್ವದೇಶಕ್ಕೆ ಮರಳಿ, ಅಂಕಿಅಂಶಗಳಲ್ಲಿ ಪಂಡಿತರಾದ ವಿಲಿಯಂ ಫಾರ್ ಅವರೊಡನೆ ಲೆಕ್ಕಗಳನ್ನು ಪರಿಶೀಲಿಸಿದಾಗ, ಆಸ್ಪತ್ರೆಯ ಕೊಳಕೇ ಬಹುಮಂದಿಯನ್ನು ಕೊಂದಿತೆಂದು ತಿಳಿಯಿತು. ಲೋಕವೆಲ್ಲ ಕೊಂಡಾಡುತ್ತಿರುವಾಗ ಇಂಥದನ್ನು ಒಪ್ಪಿಕೊಳ್ಳುವುದು ಸುಲಭವೇ? ಆಕೆಯು ಅದನ್ನು ಮುಚ್ಚಿಡದೆ, ಬಣ್ಣದ ನಕ್ಷೆಗಳಾಗಿ ಬರೆಯಿಸಿ ಅಧಿಕಾರಿಗಳ ಮುಂದಿಟ್ಟರು.

1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆಯು ಪ್ರಾರಂಭವಾಯಿತು. ಅಲ್ಲಿಯವರಿಗೆ 1872ರಿಂದ ಆಗಾಗ ಪತ್ರ ಬರೆಯುತ್ತಿದ್ದರು. ವರ್ಷವರ್ಷವೂ ಮುಂದುವರಿಯದ ದಾದಿಯು ಹಿಂದಕ್ಕೆ ಸರಿಯುವಳೆಂಬುದು ಅವರ ನಿಶ್ಚಿತ ಅಭಿಪ್ರಾಯ. ಹಳೆಯ ಟಿಪ್ಪಣಿಯನ್ನೇ ಮತ್ತೆಮತ್ತೆ ಓದಿಸುವ ಉಪಾಧ್ಯಾಯಿನಿಯರಾದ ನಮಗೂ ಇದು ನಾಟುತ್ತದೆ. ರೋಗಾಣುಗಳ ವಿಚಾರವನ್ನು ಬಹುಕಾಲ ನಂಬದಿದ್ದ ಅವರು, ಅರವತ್ತು ದಾಟಿದ ಮೇಲೆ, ದಾದಿಯರು ಕ್ರಿಮಿನಾಶಕದಿಂದ ಕೈತೊಳೆಯಬೇಕೆಂದು ಬರೆದರು. ನಮ್ಮ ದೇಶವನ್ನು ಎಂದೂ ಕಾಣದಿದ್ದರೂ ಇಲ್ಲಿಯ ದಂಡುಗಳ ನೀರು, ಚರಂಡಿಗಳ ವರದಿಗಳನ್ನು ತರಿಸಿ ಓದಿದರು. ಕಡೆಗೆ ಕಣ್ಣು ಕಾಣದಾಯಿತು; 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನಿನಲ್ಲಿ ತೀರಿಕೊಂಡರು.