ಗೆಲ್ಲುವ ಕುರ್ಚಿ ಬಿಟ್ಟ ಡಚೆಸ್

ನಮ್ಮವರೇ ತಪ್ಪು ದಾರಿಯಲ್ಲಿದ್ದಾರೆ ಅಂತ ಅನ್ನಿಸಿದಾಗ ಏನು ಮಾಡೋದು? ಹೊರಗಿನವರಾದರೆ ಮುಖಕ್ಕೇ ಹೇಳಬಹುದು. ಮನೆಯವರು, ಬಳಗದವರ ಎದುರು ಬಾಯಿ ತೆರೆಯೋದು ಕಷ್ಟ. ಸುಮ್ಮನಿದ್ದರೆ ಮನಸ್ಸು ಕೇಳಲ್ಲ, ಮಾತಾಡಿದರೆ ಸಂಬಂಧ ಕೆಡುತ್ತೆ. ಇಂಥ ಇಕ್ಕಟ್ಟಿನಲ್ಲಿರುವ ಗೆಳತಿಯರು ಸ್ಕಾಟ್ಲೆಂಡಿನ ಕ್ಯಾಥರೀನ್ ಅವರ ಕಥೆ ಕೇಳಬೇಕು.

1874ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಕ್ಯಾಥರೀನ್ ಲಂಡನ್ನಿನಲ್ಲಿ ಸಂಗೀತ ಕಲಿತವರು, ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. 1899ರಲ್ಲಿ ಅಥಾಲ್ ಮನೆತನದ ಸೊಸೆಯಾದರು. 1917ರಲ್ಲಿ ಗಂಡ ಡ್ಯೂಕ್ ಆದಾಗ ಇವರು ಡಚೆಸ್. ಬ್ಲೇರ್ ಕೋಟೆ, ಆಳುಕಾಳು ಎಲ್ಲಾ ಇತ್ತು. ಮಕ್ಕಳಾಗಲಿಲ್ಲ.

ಆದರೆ ಅರಮನೆಯಲ್ಲಿ ಕೈಕಟ್ಟಿ ಕೂರುವ ಹೆಂಗಸಲ್ಲ. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ, ದ್ವೀಪಗಳಲ್ಲಿ ಬಡವರು ಡಾಕ್ಟರು, ನರ್ಸು ಸಿಗದೆ ಒದ್ದಾಡುತ್ತಿದ್ದರು. ಅದನ್ನು ಪರಿಶೀಲಿಸಿದ 1912ರ ಸರ್ಕಾರಿ ಸಮಿತಿಯಲ್ಲಿ ಇವರೂ ಇದ್ದರು. ಮರುವರ್ಷವೇ ಅಲ್ಲಿಗೆ ಸರ್ಕಾರದ ದುಡ್ಡಿನಲ್ಲಿ ವೈದ್ಯಸೇವೆ ಮಂಜೂರಾಯ್ತು.

ವಿಚಿತ್ರ ನೋಡಿ, ಅದೇ 1912ರಲ್ಲಿ ಹೆಂಗಸರಿಗೆ ಓಟು ಬೇಡ ಅಂತ ಭಾಷಣವನ್ನೂ ಮಾಡಿದರು! 1923ರಲ್ಲಿ ಸ್ಕಾಟ್ಲೆಂಡಿನಿಂದ ಗೆದ್ದ ಮೊದಲ ಮಹಿಳಾ ಸಂಸದೆ ಇವರೇ. ಮರುವರ್ಷ ಶಿಕ್ಷಣ ಇಲಾಖೆಯ ಕಿರಿಯ ಮಂತ್ರಿ. ಭಾರತೀಯರಿಗೆ ಹೆಚ್ಚು ಅಧಿಕಾರ ಕೊಡುವ 1935ರ ಕಾಯ್ದೆಯನ್ನೂ ವಿರೋಧಿಸಿದರು. ಅದು ನಮಗೆ ಕಹಿಯೇ.

ಇಷ್ಟು ಸಂಪ್ರದಾಯಸ್ಥ ಹೆಂಗಸು ತನ್ನ ಕನ್ಸರ್ವೇಟಿವ್ ಪಕ್ಷದ ವಿರುದ್ಧವೇ ತಿರುಗಿಬಿದ್ದದ್ದು ಸ್ಪೇನ್ ನೋಡಿದ ಮೇಲೆ. 1937ರ ಏಪ್ರಿಲ್‌ನಲ್ಲಿ ಬೇರೆ ಬೇರೆ ಪಕ್ಷದ ಹೆಂಗಸರ ಜೊತೆ ಯುದ್ಧದ ನಡುವೆಯೇ ಅಲ್ಲಿಗೆ ಹೋದರು. ಅದೇ ತಿಂಗಳು ಬಾಸ್ಕ್ ಪ್ರದೇಶದ ಗೆರ್ನಿಕಾ ಊರಿನ ಮೇಲೆ ಬಾಂಬ್ ಬಿತ್ತು. ಆ ಕಡೆಯ ಮಕ್ಕಳನ್ನು ಬ್ರಿಟನ್ನಿಗೆ ಕರೆತರಲು ಇವರು ಅಧ್ಯಕ್ಷೆಯಾಗಿದ್ದ ಪರಿಹಾರ ಸಮಿತಿ ಮುಂದಾಯಿತು. ಸರ್ಕಾರ ಒಪ್ಪಿತು, ಆದರೆ ಒಂದು ಪೈಸೆ ಕೊಡಲ್ಲ ಅಂದಿತು. ಮಗುವೊಂದಕ್ಕೆ ವಾರಕ್ಕೆ 10 ಶಿಲ್ಲಿಂಗ್ ಜನರಿಂದಲೇ ಹೊಂದಿಸಬೇಕಿತ್ತು. ಮೇ ತಿಂಗಳಲ್ಲಿ ಹೆಚ್ಚುಕಡಿಮೆ 4,000 ಮಕ್ಕಳು ಒಂದೇ ಹಡಗಿನಲ್ಲಿ ಸೌತಾಂಪ್ಟನ್ ಬಂದರಿಗೆ ಬಂದಿಳಿದರು. ಅಪ್ಪ ಅಮ್ಮನನ್ನು ಬಿಟ್ಟು ಬಂದ ಅಷ್ಟೊಂದು ಮಕ್ಕಳು! ನೆನೆದರೇ ಹೊಟ್ಟೆ ಕಿವುಚುತ್ತೆ.

ಇದಕ್ಕೆ ಸಿಕ್ಕ ಬಿರುದು ಕೆಂಪು ಡಚೆಸ್, ಅಂದರೆ ಕಮ್ಯುನಿಸ್ಟರ ಕಡೆಯವಳು ಅನ್ನೋ ಹಂಗಿಸುವ ಮಾತು. ಹಿಟ್ಲರನ ಪುಸ್ತಕವನ್ನು ಇವರು ಜರ್ಮನ್ ಭಾಷೆಯಲ್ಲೇ ಓದಿದ್ದರು. ಇಂಗ್ಲಿಷಿನಲ್ಲಿ ಅದರ ಅಪಾಯದ ಭಾಗಗಳನ್ನು ಕತ್ತರಿಸಿದ್ದಾರೆ ಅಂತ ಎಚ್ಚರಿಸಿದರು. ಪ್ರಧಾನಿ ಚೇಂಬರ್ಲೇನ್ ಅದೇ ಹಿಟ್ಲರನ ಜೊತೆ ಮ್ಯೂನಿಕ್ ಒಪ್ಪಂದ ಮಾಡಿಕೊಂಡಾಗ ಸಂಸದೆ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಪಕ್ಷೇತರರಾಗಿ ಉಪಚುನಾವಣೆಗೆ ನಿಂತರು. ಆಗ ವಯಸ್ಸು 64. 1938ರ ಡಿಸೆಂಬರ್ 21, ಎಲ್ಲೆಲ್ಲೂ ಹಿಮ. 1,313 ಮತಗಳಿಂದ ಸೋತರು.

ಒಂಬತ್ತು ತಿಂಗಳೊಳಗೆ ಹಿಟ್ಲರ್ ಪೋಲೆಂಡಿಗೆ ನುಗ್ಗಿದ, ಬ್ರಿಟನ್ ಯುದ್ಧಕ್ಕಿಳಿಯಿತು. ಆದರೂ ಡಚೆಸ್ ಮತ್ತೆ ಸಂಸತ್ತಿಗೆ ಹೋಗಲಿಲ್ಲ. 1942ರಲ್ಲಿ ಗಂಡ ತೀರಿಕೊಂಡರು. ಆಮೇಲೆ ಪೋಲೆಂಡ್ ಮತ್ತಿತರ ದೇಶಗಳು ರಷ್ಯಾದ ಹಿಡಿತಕ್ಕೆ ಬಿದ್ದಾಗ, ಅಲ್ಲಿಂದ ಓಡಿಬಂದ ನಿರಾಶ್ರಿತರಿಗಾಗಿ ದುಡಿದರು, ಸ್ಟಾಲಿನ್ ವಿರುದ್ಧ ದನಿ ಎತ್ತಿದರು. ಕೆಂಪು ಡಚೆಸ್ ಅಂದವರು ಆಗ ಏನಂದರೋ! 1960ರ ಅಕ್ಟೋಬರ್‌ನಲ್ಲಿ, 85ನೇ ವಯಸ್ಸಿನಲ್ಲಿ, ಹುಟ್ಟಿದೂರಲ್ಲೇ ಕಣ್ಣುಮುಚ್ಚಿದರು.