ಜಾರ್ಜ್ ಮುಲ್ಲರ್

ಪ್ರಷ್ಯ ದೇಶದಲ್ಲಿ 1805ರಲ್ಲಿ ಜನಿಸಿದ ಜಾರ್ಜ್ ಮುಲ್ಲರ್, ಬಾಲ್ಯದಲ್ಲಿ ತಂದೆಯ ಬಳಿಯಿದ್ದ ಹಣವನ್ನು ಕದ್ದು ಸುಳ್ಳು ಲೆಕ್ಕ ಒಪ್ಪಿಸುತ್ತಿದ್ದ ಹುಡುಗ. 1825ರಲ್ಲಿ ಹಾಲೆ ನಗರದ ಪ್ರಾರ್ಥನಾಕೂಟವೊಂದು ಆತನ ಬಾಳಿನ ದಿಕ್ಕನ್ನೇ ಬದಲಿಸಿತು.

ಮುಂದೆ ಇಂಗ್ಲೆಂಡಿನಲ್ಲಿ ನೆಲಸಿದ ಮುಲ್ಲರರು 1836ರಲ್ಲಿ ಬ್ರಿಸ್ಟಲ್ ನಗರದ ಬಾಡಿಗೆಮನೆಯೊಂದರಲ್ಲಿ ಅನಾಥಾಲಯವನ್ನು ತೆರೆದರು. ದೇವರಲ್ಲದೆ ಅನ್ಯರಲ್ಲಿ ಕೈಚಾಚಬಾರದು, ಸಾಲ ಮಾಡಬಾರದು ಎಂಬುದು ಅವರ ವ್ರತ. ಮರುದಿನದ ಊಟಕ್ಕೆ ಕಾಸಿಲ್ಲದಿದ್ದಾಗಲೂ ಪ್ರಾರ್ಥಿಸಿದರೇ ಹೊರತು ಯಾರನ್ನೂ ಬೇಡಲಿಲ್ಲ. ಆದರೆ ಅವರ ನಂಬಿಕೆ ಸೋಮಾರಿಯ ನೆಪವಾಗಿರಲಿಲ್ಲ. ಅತಿ ಚಿಕ್ಕ ಕಾಣಿಕೆಗೂ ರಸೀದಿ ಕೊಟ್ಟು, ಲೆಕ್ಕವನ್ನು ಪ್ರಕಟಿಸುತ್ತಿದ್ದರು. 1870ರ ವೇಳೆಗೆ ಎರಡು ಸಾವಿರ ಮಕ್ಕಳಿಗೆ ಸಾಕಾಗುವ ಐದು ಭವನಗಳು ಎದ್ದುನಿಂತವು.

1898ರಲ್ಲಿ ಅವರು ಕಣ್ಮುಚ್ಚಿದರು. ದೇವರನ್ನು ನಂಬಿದವನು ಜನರಿಗೂ ಲೆಕ್ಕ ಒಪ್ಪಿಸಬೇಕೆಂಬುದನ್ನು ಅವರು ಬಾಳಿ ತೋರಿಸಿದರು.